ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಬೇಡವೆಂದು ಯಾವ ಸಂಶೋಧನೆ ಹೇಳಿದೆ?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ಇಂಗ್ಲಿಷ್ ಶಿಕ್ಷಕಿ. ಈಚೆಗೆ ಹೋಗಿದ್ದ ತರಬೇತಿಯಲ್ಲಿ, ‘ಇಂಗ್ಲಿಷ್ ಪೀರಿಯಡ್‌ನಲ್ಲಿ ಒಂದು ಕನ್ನಡ ಪದವೂ ಬರಕೂಡದು, ಸಂಶೋಧನೆ ಹೇಳುವುದು ಇದನ್ನೇ’ ಎಂದರು. ಹಾಗೆ ನಡೆದುಕೊಂಡರೆ ನನ್ನ ಎಂಟನೆಯ ತರಗತಿಯ ಮಕ್ಕಳು ಬಾಯಿ ಬಿಡುವುದೇ ಇಲ್ಲ. ಸಂಶೋಧನೆ ನಿಜವಾಗಿಯೂ ಹಾಗೆ ಹೇಳುತ್ತದೆಯೇ? ಇದೇ ಕ್ಷೇತ್ರದಲ್ಲಿ ಪಿಎಚ್.ಡಿ. ಮಾಡುವ ಆಸೆಯೂ ಇದೆ. ಯಾವ ವಿಷಯ ತೆಗೆದುಕೊಳ್ಳಲಿ?

ಉತ್ತರ: ಇಲ್ಲ, ಹಾಗೆ ಹೇಳುವುದಿಲ್ಲ. ಇಂಗ್ಲಿಷನ್ನು ಇಂಗ್ಲಿಷಿನಲ್ಲಿಯೇ ಕಲಿಸಬೇಕೆಂಬ ನಿಯಮ ಪ್ರಯೋಗದಿಂದ ಹುಟ್ಟಿದ್ದಲ್ಲ. ಅದು ಸಭೆಗಳಲ್ಲಿ ಹುಟ್ಟಿ ಸುತ್ತೋಲೆಗಳಲ್ಲಿ ಬೆಳೆದದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪ್ ಮತ್ತು ಅಮೆರಿಕದ ಖಾಸಗಿ ಭಾಷಾ ಶಾಲೆಗಳು ‘ನೇರ ವಿಧಾನ’ವನ್ನು ಜನಪ್ರಿಯಗೊಳಿಸಿದವು. ಅಲ್ಲಿ ಎಷ್ಟೋ ಕಡೆ ಒಂದೇ ಕೋಣೆಯಲ್ಲಿ ಬೇರೆ ಬೇರೆ ದೇಶಗಳ ಗಿರಾಕಿಗಳು ಕೂರುತ್ತಿದ್ದರು. ಅವರೆಲ್ಲರ ಭಾಷೆ ಮೇಷ್ಟ್ರಿಗೆ ಬರುತ್ತಿರಲಿಲ್ಲವಾದ್ದರಿಂದ ಕಲಿಸುವ ಭಾಷೆಯೊಂದೇ ಗತಿ. 1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ ಕಾಮನ್‌ವೆಲ್ತ್ ದೇಶಗಳ ಇಂಗ್ಲಿಷ್ ಬೋಧನಾ ಸಮ್ಮೇಳನ ನಡೆಯಿತು. ಇಂಗ್ಲಿಷನ್ನು ಇಂಗ್ಲಿಷಿನಲ್ಲಿಯೇ ಕಲಿಸಬೇಕು, ಹುಟ್ಟುಭಾಷಿಕನೇ ಆದರ್ಶ ಶಿಕ್ಷಕ, ಎಷ್ಟು ಬೇಗ ಶುರುಮಾಡಿದರೆ ಅಷ್ಟು ಒಳ್ಳೆಯದು, ಎಷ್ಟು ಹೆಚ್ಚು ಕಲಿಸಿದರೆ ಅಷ್ಟು ಫಲ, ಬೇರೆ ಭಾಷೆ ಬಳಸಿದರೆ ಇಂಗ್ಲಿಷಿನ ಮಟ್ಟ ಕುಸಿಯುತ್ತದೆ ಎಂಬ ಐದು ನಂಬಿಕೆಗಳು ಅಲ್ಲಿಂದ ಸೂತ್ರಗಳಂತೆ ಹರಡಿದವು. 1992ರಲ್ಲಿ ಭಾಷಾ ವಿದ್ವಾಂಸ ರಾಬರ್ಟ್ ಫಿಲಿಪ್ಸನ್ ಐದನ್ನೂ ಎದುರಿಗಿಟ್ಟುಕೊಂಡು ಐದು ಭ್ರಮೆಗಳೆಂದು ಕರೆದರು. ನಿಮಗೆ ತರಬೇತಿ ಕೊಟ್ಟವರು ಒಪ್ಪಿಸಿದ್ದು ಅವುಗಳಲ್ಲಿ ಮೊದಲನೆಯದು ಮತ್ತು ಐದನೆಯದು. ನಮ್ಮಲ್ಲಿ ತರಬೇತಿಯ ಪಿಪಿಟಿಗಳಿಗೆ ಆಯುಷ್ಯ ಜಾಸ್ತಿ.

ಮೊದಲ ಭಾಷೆಯನ್ನು ಯೋಚಿಸಿ ಬಳಸಿದರೆ ಎರಡನೆಯದಕ್ಕೆ ಸಹಾಯವಾಗುತ್ತದೆ ಎನ್ನುವವರ ಸಾಲು ಸಣ್ಣದಲ್ಲ. ವೇಲ್ಸ್‌ನ ಸಿ.ಜೆ. ಡಾಡ್ಸನ್ 1967ರಲ್ಲಿ ದ್ವಿಭಾಷಾ ವಿಧಾನವನ್ನು ಮುಂದಿಟ್ಟರು: ಶಿಕ್ಷಕ ಇಂಗ್ಲಿಷ್ ವಾಕ್ಯ ಹೇಳುತ್ತಾನೆ, ಅದರ ಅರ್ಥವನ್ನು ಮಗುವಿನ ಭಾಷೆಯಲ್ಲಿ ಒಮ್ಮೆ ಚುಟುಕಾಗಿ ಕೊಡುತ್ತಾನೆ, ಮತ್ತೆ ಇಂಗ್ಲಿಷ್ ವಾಕ್ಯ ಹೇಳುತ್ತಾನೆ, ಆಮೇಲೆ ಮಕ್ಕಳ ಸರದಿ. ಚಿತ್ರ ತೋರಿಸಿ, ಅಭಿನಯಿಸಿ, ಐದು ನಿಮಿಷ ಪರದಾಡಿ ಮುಟ್ಟಿಸುವ ಅರ್ಥ ಇಲ್ಲಿ ಐದು ಸೆಕೆಂಡಿನಲ್ಲಿ ಮುಟ್ಟುತ್ತದೆ. ಉಳಿದ ಸಮಯವೆಲ್ಲ ಇಂಗ್ಲಿಷ್ ಬಳಕೆಗೆ. ಕೆನಡಾದ ಜಿಮ್ ಕಮಿನ್ಸ್ 1979ರಿಂದ ಹೇಳುತ್ತ ಬಂದ ಮಾತು ಇನ್ನೂ ಆಳದ್ದು: ಒಂದು ಭಾಷೆಯಲ್ಲಿ ಗಳಿಸಿದ ಓದುವ, ತರ್ಕಿಸುವ, ಸಾರಾಂಶ ಹಿಡಿಯುವ ಶಕ್ತಿ ಇನ್ನೊಂದು ಭಾಷೆಗೆ ದಾಟುತ್ತದೆ. ಆದರೆ ದಾಟಲು ಮೊದಲು ಅದು ಇರಬೇಕು. ಎಂಟನೆಯ ತರಗತಿಗೆ ಬಂದ ಮಗು ಕನ್ನಡದ ಒಂದು ಪುಟವನ್ನೇ ತಡವರಿಸಿ ಓದುತ್ತಿದ್ದರೆ ಇಂಗ್ಲಿಷಿಗೆ ದಾಟಿಸಿಕೊಳ್ಳಲು ಅದರ ಬಳಿ ಹೆಚ್ಚೇನೂ ಇರುವುದಿಲ್ಲ. ಕನ್ನಡದ ಓದನ್ನೇ ಅಭ್ಯಸಿಸಿದ ಸೋನಾಲಿ ನಾಗ್ ಅವರ 2007ರ ಅಧ್ಯಯನ, ಕಾಗುಣಿತ ಒತ್ತಕ್ಷರಗಳೆಲ್ಲ ಮಕ್ಕಳ ಕೈಗೆ ಬರಲು ನಾವು ಅಂದುಕೊಂಡಿರುವುದಕ್ಕಿಂತ ಹೆಚ್ಚು ವರ್ಷ ಬೇಕೆಂದು ತೋರಿಸಿತು. ನಿಮ್ಮ ಶಾಲೆಯ ಕನ್ನಡ ಮೇಷ್ಟ್ರನ್ನು ಇಂಗ್ಲಿಷ್ ಬೋಧನೆಯ ಪಾಲುದಾರರೆಂದು ನಾನು ಹೇಳುವುದು ಇದಕ್ಕೇ.

ಹಾಗೆಂದು ಇದನ್ನು ಗೈಡ್ ಪುಸ್ತಕದ ಪರವಾದ ವಾದ ಎಂದುಕೊಳ್ಳಬೇಡಿ. ನಮ್ಮ ಬಹಳಷ್ಟು ತರಗತಿಗಳಲ್ಲಿ ನಡೆಯುವುದು ದ್ವಿಭಾಷಾ ಬೋಧನೆಯಲ್ಲ. ಟೀಚರ್ ಪಾಠದ ಒಂದು ಸಾಲು ಓದುತ್ತಾರೆ, ಕನ್ನಡದಲ್ಲಿ ಹೇಳುತ್ತಾರೆ, ಮುಂದಿನ ಸಾಲಿಗೆ ಹೋಗುತ್ತಾರೆ. ಮಗು ಪೆನ್ಸಿಲ್‌ನಲ್ಲಿ ಇಂಗ್ಲಿಷ್ ಪದದ ನೆತ್ತಿಯ ಮೇಲೆ ಅದರ ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ, ಕೆಳಗೆ ಅರ್ಥವನ್ನು ಇನ್ನೂ ಸಣ್ಣ ಅಕ್ಷರದಲ್ಲಿ ಬರೆದುಕೊಳ್ಳುತ್ತದೆ. ಪೀರಿಯಡ್ ಮುಗಿದಾಗ ಪುಟ ತುಂಬಿರುತ್ತದೆ. ಆ ನಲವತ್ತು ನಿಮಿಷದಲ್ಲಿ ಮಗು ಒಂದು ಇಂಗ್ಲಿಷ್ ವಾಕ್ಯವನ್ನೂ ತಾನಾಗಿ ಬಿಡಿಸಿಕೊಂಡಿಲ್ಲ, ಒಂದನ್ನೂ ತಾನಾಗಿ ಆಡಿಲ್ಲ. ಡಾಡ್ಸನ್‌ನ ತರಗತಿಯಲ್ಲಿ ಮೊದಲ ಭಾಷೆ ಒಂದು ಕ್ಷಣ ಬಂದು ಹೋಗುತ್ತದೆ. ಇಲ್ಲಿ ಅದು ಇಡೀ ಪೀರಿಯಡ್ಡನ್ನು ನುಂಗುತ್ತದೆ. ಇವೆರಡನ್ನೂ ‘ಕನ್ನಡ ಬಳಕೆ’ ಎಂಬ ಒಂದೇ ಹೆಸರಿನಿಂದ ಕರೆದು ನಿಷೇಧಿಸಿದ್ದೇ ತರಬೇತಿಯವರ ಎಡವಟ್ಟು.

ಈಗ ನಿಮ್ಮ ಪ್ರಶ್ನೆಯ ಬೇರಿಗೆ ಬರುತ್ತೇನೆ. ‘ಸಂಶೋಧನೆ ಹೇಳುತ್ತದೆ’ ಎಂದು ಯಾರಾದರೂ ಅಂದ ಕೂಡಲೇ ನೀವು ಕೇಳಬೇಕಾದ್ದು, ಯಾರ ತರಗತಿಯಲ್ಲಿ ಎಂದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ತಾಕಿನಲ್ಲಿ ಗೆದ್ದ ತಳಿಯನ್ನು ತನ್ನ ತೋಟದ ನೆರಳು, ಇಳಿಜಾರು, ಮಳೆ ನೋಡದೆ ನೆಡುವ ಬೆಳೆಗಾರ ನಿಮ್ಮೂರಿನಲ್ಲಿ ಸಿಗಲಿಕ್ಕಿಲ್ಲ. ಶಿಕ್ಷಣದಲ್ಲಿ ಮಾತ್ರ ಕೆನಡಾದ ತಳಿಯನ್ನು ನಿಮ್ಮ ತಾಲ್ಲೂಕಿನ ಹಾನುಬಾಳಿನಲ್ಲಿ ನೆಟ್ಟು, ಚಿಗುರದಿದ್ದಾಗ ಶಿಕ್ಷಕರನ್ನು ಬೈಯುತ್ತೇವೆ.

ಕೆನಡಾ ಎಂದದ್ದು ಸುಮ್ಮನೆ ಅಲ್ಲ. ಎರಡನೆಯ ಭಾಷೆಯ ಕಲಿಕೆಯ ಕುರಿತು ಅತಿ ಹೆಚ್ಚು ಉಲ್ಲೇಖಗೊಳ್ಳುವ ಅಧ್ಯಯನಗಳ ಒಂದು ದೊಡ್ಡ ರಾಶಿ ಅಲ್ಲಿನ ಫ್ರೆಂಚ್ ಇಮ್ಮರ್ಶನ್ ಶಾಲೆಗಳದ್ದು. 1965ರಲ್ಲಿ ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟ್‌ನಲ್ಲಿ ಅದು ಶುರುವಾಯಿತು. ಇಂಗ್ಲಿಷ್ ಮನೆಮಾತಿನ ಮಕ್ಕಳು ಶಾಲೆಯ ದಿನದ ಬಹುಭಾಗವನ್ನು ಫ್ರೆಂಚಿನಲ್ಲಿ ಕಳೆದರು, ಮನೆಗೆ ಹೋಗಿ ಇಂಗ್ಲಿಷ್ ಪುಸ್ತಕ ಓದಿದರು, ಇಂಗ್ಲಿಷ್ ಟಿವಿ ನೋಡಿದರು. ಅವರ ಮೊದಲ ಭಾಷೆಗೆ ಯಾವ ಅಪಾಯವೂ ಇರಲಿಲ್ಲ, ಅಪ್ಪ ಅಮ್ಮ ಸ್ವತಃ ಒತ್ತಾಯಿಸಿ ತೆರೆಸಿದ ತರಗತಿ ಅದು. ನಿಮ್ಮ ಮಗುವಿಗೆ ಸಿಗುವುದು ದಿನಕ್ಕೆ ಒಂದು ನಲವತ್ತು ನಿಮಿಷದ ಪೀರಿಯಡ್. ವರ್ಷಕ್ಕೆ 220 ದಿನ ಒಂದೂ ತಪ್ಪದೆ ನಡೆದರೂ 150 ಗಂಟೆ ಮುಟ್ಟುವುದಿಲ್ಲ. ಕ್ರೀಡಾಕೂಟ, ಪ್ರತಿಭಾ ಕಾರಂಜಿ, ಮಳೆರಜೆ ಕಳೆಯಿರಿ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಅಷ್ಟು ಫ್ರೆಂಚ್ ಕೇಳಿಸಿಕೊಂಡ ಆ ಮಕ್ಕಳ ಮಾತಿನಲ್ಲೂ ವ್ಯಾಕರಣದ ತಪ್ಪುಗಳು ಉಳಿದೇ ಇದ್ದವು. ಅರ್ಥವಾಗುವ ಭಾಷೆ ಧಾರಾಳವಾಗಿ ಕಿವಿಗೆ ಬಿದ್ದರೆ ಸಾಕು, ಕಲಿಕೆ ತಾನಾಗಿ ಆಗುತ್ತದೆ ಎಂದು ಅಮೆರಿಕದ ಭಾಷಾವಿಜ್ಞಾನಿ ಸ್ಟೀಫನ್ ಕ್ರ್ಯಾಶೆನ್ ವಾದಿಸುತ್ತಿದ್ದ ಕಾಲ ಅದು. ಅಂಥ ಇಮ್ಮರ್ಶನ್ ಮಕ್ಕಳನ್ನೇ ನೋಡಿ ಕೆನಡಾದ ಸಂಶೋಧಕಿ ಮೆರಿಲ್ ಸ್ವೇನ್ 1985ರಲ್ಲಿ, ಕೇಳಿದರೆ ಸಾಲದು, ಆಡುವ ಮತ್ತು ಬರೆಯುವ ಒತ್ತಡಕ್ಕೂ ಮಗು ಸಿಗಬೇಕು ಎಂದರು. ನಮ್ಮ ಹಾಸನದ, ಚಿಕ್ಕಮಗಳೂರಿನ ಗಲ್ಲಿಗಲ್ಲಿಯ ಇಂಗ್ಲಿಷ್ ಮಾಧ್ಯಮ ಶಾಲೆಗಳಿಗೆ ಈ ಕೆನಡಾ ಮಾದರಿಯನ್ನು ಆಧಾರವಾಗಿ ತೋರಿಸುವವರು, ಮನೆಭಾಷೆಯ ಗಟ್ಟಿತನ ಎಂಬ ಅರ್ಧ ಭಾಗವನ್ನು ಮರೆಯುತ್ತಾರೆ.

ನಮ್ಮದೇ ನೆಲದಲ್ಲಿ, ನಮ್ಮಂಥದೇ ತರಗತಿಗಳಲ್ಲಿ ನಡೆದ ಒಂದು ದೊಡ್ಡ ಪ್ರಯೋಗ ಇದೆ. ಜಗತ್ತಿನ ಯಾವ ಮೂಲೆಯಲ್ಲಿ ಇಂಗ್ಲಿಷ್ ಬೋಧನೆಯ ಎಂ.ಎ. ಮಾಡಿದರೂ ಅದನ್ನು ಓದುತ್ತಾರೆ, ನಮ್ಮ ಬಿ.ಎಡ್. ಮಕ್ಕಳಿಗೆ ಪರಿಚಯವೇ ಇಲ್ಲ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನಾ ತಜ್ಞ ಎನ್.ಎಸ್. ಪ್ರಭು ಅವರು ಬೆಂಗಳೂರು, ಮದ್ರಾಸು ಮತ್ತು ದಕ್ಷಿಣ ಭಾರತದ ಇನ್ನು ಕೆಲವು ಊರುಗಳ ಶಾಲೆಗಳಲ್ಲಿ ನಡೆಸಿದ ಆ ಕೆಲಸ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಅದಕ್ಕೆ ನೆಲೆಯಾಗಿತ್ತು. ಪ್ರಭು ಅವರ ನಂಬಿಕೆ ಇಷ್ಟು: ಮಗುವಿನ ಮನಸ್ಸು ಅರ್ಥದಲ್ಲಿ, ಒಂದು ಸಮಸ್ಯೆಯನ್ನು ಬಿಡಿಸುವುದರಲ್ಲಿ ಮುಳುಗಿರುವಾಗ ವ್ಯಾಕರಣ ಒಳಗೊಳಗೇ ಕೂಡಿಕೊಳ್ಳುತ್ತದೆ. ಹಾಗಾಗಿ ಪಠ್ಯಕ್ರಮದಲ್ಲಿ ಕಾಲ, ಪ್ರಯೋಗ, ಉಪಪದಗಳ ಪಟ್ಟಿ ಇರಲಿಲ್ಲ. ಕೆಲಸಗಳ ಸರಣಿ ಇತ್ತು. ರೈಲಿನ ವೇಳಾಪಟ್ಟಿ ನೋಡಿ ಯಾರು ಯಾವ ಗಾಡಿ ಹಿಡಿಯಬೇಕೆಂದು ಹೇಳು, ನಕ್ಷೆ ನೋಡಿ ದಾರಿ ಹೇಳು ಎಂಬಂಥವು. ಮೊದಲು ಶಿಕ್ಷಕ ಇಡೀ ತರಗತಿಯೊಡನೆ ಅಂಥದ್ದೇ ಒಂದು ಕೆಲಸವನ್ನು ಪ್ರಶ್ನೋತ್ತರವಾಗಿ ಮಾಡಿ ತೋರಿಸುತ್ತಾನೆ. ನಂತರ ಪ್ರತಿ ಮಗು ಒಂಟಿಯಾಗಿ ಇನ್ನೊಂದನ್ನು ಮಾಡುತ್ತದೆ. ಉತ್ತರ ಸರಿಯೇ ತಪ್ಪೇ ಎಂದು ನೋಡುತ್ತಾರೆಯೇ ಹೊರತು ವಾಕ್ಯವನ್ನು ತಿದ್ದುತ್ತ ಕೂರುವುದಿಲ್ಲ.

ಇದರಲ್ಲಿ ನಿಮಗೆ ಉಪಯೋಗವಾಗುವ ಎರಡು ವಿವರಗಳಿವೆ. ಪ್ರಭು ಮಾತೃಭಾಷೆಯನ್ನು ನಿಷೇಧಿಸಿರಲಿಲ್ಲ. ಎರಡನೆಯದು, ಈಗ ತರಬೇತಿಗಳಲ್ಲಿ ಮಂತ್ರದಂತೆ ಜಪಿಸುವ ಗುಂಪು ಚಟುವಟಿಕೆಯನ್ನು ಅವರು ಉತ್ತೇಜಿಸಲೇ ಇಲ್ಲ. ಅರೆಬರೆ ಬಲ್ಲವರೇ ಪರಸ್ಪರ ಆಡಿಕೊಂಡರೆ ಆ ಅರೆಬರೆ ರೂಪವೇ ಗಟ್ಟಿಯಾಗಿಬಿಡುತ್ತದೆ ಎಂಬ ಭಯ ಅವರಿಗಿತ್ತು. ಈ ಭಯವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆದರೆ ಅರವತ್ತು ಮಕ್ಕಳಿರುವ, ಬೆಂಚು ಸರಿಸಲು ಜಾಗವಿಲ್ಲದ ಕೋಣೆಯಲ್ಲಿ ಗುಂಪು ಮಾಡದೆಯೂ ಅರ್ಥವನ್ನೇ ಮುಂದಿಟ್ಟು ಕಲಿಸಬಹುದು ಎಂಬ ಪುರಾವೆ ನಮ್ಮ ಶಿಕ್ಷಕರಿಗೆ ದೊಡ್ಡ ಸಮಾಧಾನ.

ಫಲ ಏನಾಯಿತು? ಅಲನ್ ಬೆರೆಟಾ ಮತ್ತು ಅಲನ್ ಡೇವಿಸ್ 1985ರಲ್ಲಿ ಮೌಲ್ಯಮಾಪನ ಪ್ರಕಟಿಸಿದರು. ವ್ಯಾಕರಣರಚನೆಯ ಪರೀಕ್ಷೆಯಲ್ಲಿ ಹಳೆಯ ಕ್ರಮದಲ್ಲಿ ಕಲಿತವರು ಮೇಲುಗೈ ಸಾಧಿಸಿದರು. ಸಂದರ್ಭದೊಳಗಿನ ವ್ಯಾಕರಣ, ಉಕ್ತಲೇಖನ, ಆಲಿಸಿ ಓದಿ ಗ್ರಹಿಸುವ ಪರೀಕ್ಷೆಗಳಲ್ಲಿ ಪ್ರಾಜೆಕ್ಟಿನ ಮಕ್ಕಳು ಒಟ್ಟಾರೆ ಮುಂದಿದ್ದರು. ಅಂದರೆ ಏನನ್ನು ಕಲಿಸಿದರೋ ಅದು ಹೆಚ್ಚು ಬಂತು. ಹೋಲಿಕೆಯಲ್ಲಿ ತೊಡಕೂ ಇತ್ತು: ಮಕ್ಕಳನ್ನು ಚೀಟಿ ಎತ್ತಿ ಹಂಚಿರಲಿಲ್ಲ, ಇದ್ದ ತರಗತಿಗಳನ್ನೇ ತೆಗೆದುಕೊಂಡಿದ್ದರು, ಪ್ರಾಜೆಕ್ಟಿನಲ್ಲಿ ಕಲಿಸಿದವರಲ್ಲಿ ಉತ್ಸಾಹಿಗಳೇ ಹೆಚ್ಚು. ಪ್ರಭು ಅವರೇ 1990ರಲ್ಲಿ ಒಂದು ಲೇಖನ ಬರೆದು, ಎಲ್ಲರಿಗೂ ಹೊಂದುವ ಅತ್ಯುತ್ತಮ ವಿಧಾನವೊಂದನ್ನು ಹುಡುಕುವುದೇ ವ್ಯರ್ಥ, ತಾನು ಮಾಡುತ್ತಿರುವುದರಿಂದ ಕಲಿಕೆ ಹೇಗೆ ಆಗುತ್ತದೆ ಎಂಬ ಬಗ್ಗೆ ಶಿಕ್ಷಕನಿಗೇ ಜೀವಂತವಾದ ನಂಬಿಕೆ ಇದೆಯೇ ಎನ್ನುವುದು ಮುಖ್ಯ ಎಂದರು. ತನ್ನ ಹೆಸರಿನಲ್ಲಿ ಒಂದು ವಿಧಾನ ಲೋಕವಿಖ್ಯಾತವಾಗಿರುವಾಗ ಹೀಗೆ ಬರೆಯಲು ಗುಂಡಿಗೆ ಬೇಕು.

ನಾಳೆಯೇ ಮಾಡಿನೋಡಬಹುದಾದ ಒಂದು ಕೆಲಸ ಹೇಳುತ್ತೇನೆ. ಜುಲೈ ತಿಂಗಳು, ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ಬಂದ್. ಮಂಗಳೂರಿನ ಆಸ್ಪತ್ರೆಗೆ ನಾಳೆ ಬೆಳಿಗ್ಗೆ ಹತ್ತಕ್ಕೆ ತಲುಪಬೇಕಾದ ಅಜ್ಜಿ, ಕಾಫಿ ಮೂಟೆ ಹೇರಿಕೊಂಡ ಲಾರಿ, ಸುಬ್ರಹ್ಮಣ್ಯಕ್ಕೆ ಹೊರಟ ಮದುವೆ ದಿಬ್ಬಣದ ಮಿನಿಬಸ್, ಈ ಮೂವರೂ ಸಕಲೇಶಪುರದಲ್ಲಿ ನಿಂತಿದ್ದಾರೆ. ಬೋರ್ಡಿನ ಮೇಲೆ ಚಾರ್ಮಾಡಿ, ಬಿಸಿಲೆ, ಸಂಪಾಜೆ ದಾರಿಗಳ ಒರಟು ನಕ್ಷೆ ಬರೆಯಿರಿ. ಪ್ರತಿ ದಾರಿಗೂ ಎಷ್ಟು ಹೊತ್ತು, ಭಾರಿ ವಾಹನ ಬಿಡುತ್ತಾರೆಯೇ, ರಾತ್ರಿ ಸಂಚಾರ ಉಂಟೇ ಎಂದು ನೀವೇ ಕಲ್ಪಿಸಿದ ಮೂರು ಮೂರು ಇಂಗ್ಲಿಷ್ ವಾಕ್ಯ ಕೊಡಿ. ಅಜ್ಜಿಯ ದಾರಿಯನ್ನು ತರಗತಿಯೊಡನೆ ಚರ್ಚಿಸಿ ಬಿಡಿಸಿ. ಲಾರಿಯದನ್ನು, ದಿಬ್ಬಣದ್ದನ್ನು ಮಕ್ಕಳು ಒಬ್ಬೊಬ್ಬರೇ ಬರೆಯಲಿ: ಯಾವ ದಾರಿ, ಯಾಕೆ. ಕನ್ನಡದಲ್ಲಿ ಪಿಸುಗುಟ್ಟಿಕೊಂಡರೆ ಬಿಡಿ, ಉತ್ತರ ಇಂಗ್ಲಿಷಿನಲ್ಲಿ ಬರಲಿ. ‘ಲಾರಿ ನಾಟ್ ಗೋ ಬಿಸಿಲೆ, ರೋಡ್ ಸ್ಮಾಲ್’ ಎಂದು ಬರೆದ ಹುಡುಗ ಅಂದು ಇಂಗ್ಲಿಷಿನಲ್ಲಿ ಒಂದು ತರ್ಕ ಕಟ್ಟಿದ್ದಾನೆ. ಅವನ ವಾಕ್ಯವನ್ನು ಆಮೇಲೆ ಸರಿಪಡಿಸಬಹುದು.

ಸರಿಪಡಿಸುವ ವಿಚಾರವನ್ನು ಬೇಗ ಮುಗಿಸುತ್ತೇನೆ. ಮಕ್ಕಳ ತಪ್ಪು ಸೋಮಾರಿತನದ ಗುರುತಲ್ಲ, ಅವರೊಳಗೆ ಕಟ್ಟಿಕೊಳ್ಳುತ್ತಿರುವ ವ್ಯವಸ್ಥೆಯ ಕಿಂಡಿ ಎಂದು ಬ್ರಿಟನ್ನಿನ ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲಿಯೇ ಹೇಳಿದರು. ತಪ್ಪಾದಾಗ ಟೀಚರ್ ಸರಿಯಾದ ರೂಪವನ್ನು ಮೆಲ್ಲಗೆ ಹೇಳಿ ಮುಂದೆ ಹೋಗುವುದು ಸಾಮಾನ್ಯ. ಮಕ್ಕಳು ಅದಕ್ಕೆ ಸ್ಪಂದಿಸಿ ತಿದ್ದಿಕೊಳ್ಳುವುದು ಕಡಿಮೆ ಎಂದು ಸಂಶೋಧಕರಾದ ಲಿಸ್ಟರ್ ಮತ್ತು ರಾಂಟಾ 1997ರಲ್ಲಿ ತೋರಿಸಿದರು. ಮಗುವೇ ತಿದ್ದಿಕೊಳ್ಳುವಂತೆ ಕೆಣಕುವುದು ಹೆಚ್ಚು ಕೆಲಸ ಮಾಡುತ್ತದೆ. ಇದು ಕೂಡ ಕೆನಡಾದ ತರಗತಿಯದ್ದೇ ಎಂಬುದು ನೆನಪಿರಲಿ.

ಓದಿನ ವಿಷಯದಲ್ಲಿ ನನಗೆ ಹೆಚ್ಚು ಭರವಸೆ ಕೊಡುವ ಅಧ್ಯಯನ ಫಿಜಿಯದ್ದು. ವಾರ್ವಿಕ್ ಎಲ್ಲಿ (Elley) ಮತ್ತು ಫ್ರಾನ್ಸಿಸ್ ಮಂಗುಭಾಯಿ ಎಂಬಿಬ್ಬರು ಸಂಶೋಧಕರು ಅಲ್ಲಿನ ಹಳ್ಳಿ ಶಾಲೆಗಳ ನಾಲ್ಕು, ಐದನೆಯ ತರಗತಿಗಳಿಗೆ 250 ಇಂಗ್ಲಿಷ್ ಕಥೆಪುಸ್ತಕಗಳನ್ನು ಕೊಟ್ಟು, ದಿನಾ ಒಂದಿಷ್ಟು ಹೊತ್ತು ಓದಲು ಬಿಟ್ಟರು. ಮಕ್ಕಳ ಮನೆಮಾತು ಇಂಗ್ಲಿಷ್ ಅಲ್ಲ, ಊರಿನಲ್ಲಿ ಇಂಗ್ಲಿಷ್ ಕೇಳಿಬರುವುದೂ ಇಲ್ಲ. ನಮಗೆ ಹತ್ತಿರದ ಪರಿಸ್ಥಿತಿ. ಎಂಟು ತಿಂಗಳಲ್ಲಿ ಅವರ ಓದು ಮಾಮೂಲಿಗಿಂತ ಎರಡು ಪಟ್ಟು ವೇಗದಲ್ಲಿ ಮುಂದುವರಿದಿತ್ತು ಎಂದು 1983ರಲ್ಲಿ ವರದಿ ಮಾಡಿದರು. ಅದಕ್ಕೂ ಬಹಳ ಮುಂಚೆ, ಢಾಕಾದಲ್ಲಿ ಕೆಲಸ ಮಾಡುತ್ತಿದ್ದ ಮೈಕೇಲ್ ವೆಸ್ಟ್, ನಡುವೆಯೇ ಶಾಲೆ ಬಿಡುವ ಮಗುವಿಗೂ ಅಲ್ಲಿಯವರೆಗಿನ ಕಲಿಕೆಯಿಂದ ಏನಾದರೂ ಕೈಗೆ ದಕ್ಕಿರಬೇಕು, ಹಾಗೆ ದಕ್ಕಬಲ್ಲದ್ದು ಓದು ಎಂದು 1926ರಲ್ಲಿ ವಾದಿಸಿದ್ದರು. ಮಕ್ಕಳ ಕಲಿಕೆಯ ಮಟ್ಟ ಅಳೆಯುವ ಅಸರ್ (ASER) ಸಮೀಕ್ಷೆಯ 2023ರ ವರದಿಯಲ್ಲಿ 14ರಿಂದ 18 ವರ್ಷದ ಗ್ರಾಮೀಣ ಮಕ್ಕಳಲ್ಲಿ ಇಂಗ್ಲಿಷ್ ವಾಕ್ಯ ಓದಬಲ್ಲವರು ಶೇ 57.3, ಅವರಲ್ಲೂ ಅರ್ಥ ಹೇಳಬಲ್ಲವರು ಮುಕ್ಕಾಲು ಪಾಲಿಗಿಂತ ತುಸು ಕಡಿಮೆ. ನಿಮ್ಮ ಶಾಲೆಯ ಲೈಬ್ರರಿ ಬೀರುವಿನ ಬೀಗದ ಕೈ ಯಾರ ಬಳಿ ಇದೆ ಎಂದು ಮೊದಲು ವಿಚಾರಿಸಿ.

ಇನ್ನು ಪಿಎಚ್.ಡಿ. ದಯವಿಟ್ಟು ಮತ್ತೊಂದು ದೋಷ ವಿಶ್ಲೇಷಣೆ ಬೇಡ. ಹತ್ತನೆಯ ತರಗತಿಯ ನೂರು ಉತ್ತರಪತ್ರಿಕೆ ತರಿಸಿ, ಉಪಪದದ ತಪ್ಪು ಇಷ್ಟು, ಕ್ರಿಯಾಪದದ್ದು ಇಷ್ಟು ಎಂದು ಕೋಷ್ಟಕ ಹಾಕಿದ ಪ್ರಬಂಧಗಳು, ಪಿಎಚ್.ಡಿ. ಪ್ರಬಂಧಗಳ ಜಾಲತಾಣ ಶೋಧಗಂಗಾ ತೆರೆದರೆ ಬೇಕಾದಷ್ಟು ಸಿಗುತ್ತವೆ. ‘ಶಿಕ್ಷಕರ ಮನೋಭಾವ’ದ ಪ್ರಶ್ನಾವಳಿಯೂ ಬೇಡ. ಇಂಗ್ಲಿಷ್ ಮುಖ್ಯವೇ ಎಂದು ಕೇಳಿದರೆ ಎಲ್ಲರೂ ಹೌದು ಎಂದೇ ಗುರುತು ಹಾಕುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ.

ನಿಮ್ಮ ಕೋಣೆಯಲ್ಲಿಯೇ ಜಗತ್ತಿನ ಸಂಶೋಧನೆ ಇನ್ನೂ ಸರಿಯಾಗಿ ಮುಟ್ಟದ ಪ್ರಶ್ನೆ ಕೂತಿದೆ. ಮೊದಲ ಭಾಷೆ ಬಳಸಿ ಎನ್ನುವ ಅಧ್ಯಯನಗಳಲ್ಲಿ ಬಹುಪಾಲು, ಇಡೀ ತರಗತಿಗೆ ಒಂದೇ ಮೊದಲ ಭಾಷೆ ಎಂದು ಭಾವಿಸಿಕೊಂಡಿರುತ್ತವೆ. ಮಲೆನಾಡಿನ ಕಾಫಿ ತೋಟದ ಕಾರ್ಮಿಕರ ಲೈನ್‌ಮನೆಗಳಿಂದ ಬರುವ ಮಗುವಿನ ಮನೆಮಾತು ತಮಿಳಿರಬಹುದು, ತುಳು ಅಥವಾ ಬ್ಯಾರಿಯಿರಬಹುದು, ಈಚೆಗೆ ಅಸ್ಸಾಂ ಕಡೆಯಿಂದ ಬಂದ ಕುಟುಂಬದ್ದೂ ಇರಬಹುದು. ಕಡೂರು, ತರೀಕೆರೆ ಕಡೆ ಹೋದರೆ ಲಂಬಾಣಿ. ಅಂಥ ಮಗುವಿಗೆ ಕನ್ನಡವೇ ಎರಡನೆಯ ಭಾಷೆ. ನೀವು ಅರ್ಥವನ್ನು ಕನ್ನಡದಲ್ಲಿ ಹೇಳಿದಾಗ ಅದು ಯಾರಿಗೆ ಊರುಗೋಲಾಗುತ್ತದೆ, ಯಾರಿಗೆ ಇನ್ನೊಂದು ಗೋಡೆಯಾಗುತ್ತದೆ? ಘಾಟಿ ರಸ್ತೆಯಂಥ ಕೆಲಸವನ್ನು ಕೊಟ್ಟಾಗ ಬೆಂಚಿನ ಮಟ್ಟದಲ್ಲಿ ಮಕ್ಕಳು ಯಾವ ಭಾಷೆಯಲ್ಲಿ ಯೋಚನೆ ಹಂಚಿಕೊಳ್ಳುತ್ತಾರೆ, ಅದರಲ್ಲಿ ಎಷ್ಟು ಭಾಗ ಇಂಗ್ಲಿಷ್ ಉತ್ತರದೊಳಗೆ ಬಂದು ಸೇರುತ್ತದೆ? ದೆಹಲಿ, ಪಟ್ನಾ, ಹೈದರಾಬಾದುಗಳ ಪ್ರಾಥಮಿಕ ಶಾಲೆಗಳಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ನೇತೃತ್ವದ ಮಲ್ಟಿಲೀಲಾ ಯೋಜನೆ ಬಹುಭಾಷಿಕ ಮಕ್ಕಳ ಕಲಿಕೆಯನ್ನು ಅಭ್ಯಸಿಸಿದೆ, ಅದನ್ನು ಓದಿ. ಆದರೆ ಅದರಲ್ಲಿ ತೋಟದ ಶಾಲೆ ಇಲ್ಲ.

ವಿಧಾನ ಸರಳವಾಗಿರಲಿ. ಎರಡು ತರಗತಿ, ಕೆಲವು ಗುಂಪು, ಬೆಂಚಿನ ಮೇಲೆ ಒಂದು ರೆಕಾರ್ಡರ್, ಆಮೇಲೆ ಸಾಲು ಸಾಲಾಗಿ ಬರಹಕ್ಕಿಳಿಸುವ ಬೇಸರದ ಕೆಲಸ. ಒಂದು ಗಂಟೆಯ ಮಾತನ್ನು ಇಳಿಸಲು ಒಂದು ಇಡೀ ದಿನ ಹೋದರೂ ಆಶ್ಚರ್ಯವಿಲ್ಲ, ಮೂರು ಭಾಷೆ ಬೆರೆತಿದ್ದರೆ ಇನ್ನೂ ಹೆಚ್ಚು. ತಮಿಳು, ಬ್ಯಾರಿ ಬಲ್ಲವರೊಬ್ಬರ ನೆರವು ಬೇಕಾಗುತ್ತದೆ. ನಿಮ್ಮದೇ ಮಕ್ಕಳಾದ್ದರಿಂದ ಅವರು ನಿಮ್ಮನ್ನು ಮೆಚ್ಚಿಸಲು ಇಂಗ್ಲಿಷ್ ಆಡುವ ಅಪಾಯವಿದೆ. ರೆಕಾರ್ಡ್ ಮಾಡುವಾಗ ಕೋಣೆಯ ಇನ್ನೊಂದು ತುದಿಯಲ್ಲಿರಿ. ಇನ್ನೊಬ್ಬರು ಕಲಿಸುವ ಒಂದು ತರಗತಿಯನ್ನೂ ಸೇರಿಸಿಕೊಳ್ಳಿ. ಪೋಷಕರ ಒಪ್ಪಿಗೆಯನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಕೇಳಿ, ಮಕ್ಕಳ ಹೆಸರು ಬದಲಿಸಿ.

ಯುಜಿಸಿಯ 2022ರ ನಿಯಮಗಳ ಪ್ರಕಾರ ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶವಿದೆ, ಇಲಾಖೆಯಿಂದ ನಿರಾಕ್ಷೇಪಣಾ ಪತ್ರ ಬೇಕು. ಪ್ರಬಂಧ ಸಲ್ಲಿಸುವ ಮುನ್ನ ನಿಯತಕಾಲಿಕೆಯಲ್ಲಿ ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಅದೇ ನಿಯಮಗಳು ತೆಗೆದುಹಾಕಿವೆ. ಆದ್ದರಿಂದ ‘ಹಣ ಕಟ್ಟಿ, ಹತ್ತು ದಿನದಲ್ಲಿ ಅಚ್ಚಾಗುತ್ತದೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಆಹ್ವಾನಗಳಿಗೆ ಒಂದು ರೂಪಾಯಿಯನ್ನೂ ಕಳೆಯಬೇಡಿ. ಓದಲು ಬೇಕಾದ ಬಹಳಷ್ಟು ಲೇಖನಗಳು ಪುಕ್ಕಟೆ ಸಿಗುತ್ತವೆ. ಎರಿಕ್ ಎಂಬ ಅಮೆರಿಕದ ಶಿಕ್ಷಣ ಕೋಶ, 1994ರಿಂದ ಉಚಿತವಾಗಿ ಬರುತ್ತಿರುವ, ಇಂಗ್ಲಿಷ್ ಬೋಧನೆಗೆ ಮೀಸಲಾದ ಟೆಸ್ಲ್-ಇಜೆ (TESL-EJ) ಪತ್ರಿಕೆ, ಇವೆರಡರಿಂದ ಶುರುಮಾಡಿ.

ಕೊನೆಗೆ ಕ್ಯಾಲೆಂಡರ್ ವಿಚಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೆಕಾರ್ಡಿಂಗ್ ಇಟ್ಟುಕೊಳ್ಳಬೇಡಿ, ಮಾಡಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಮಕ್ಕಳ ಪಿಸುಮಾತು ದಕ್ಕುವುದಿಲ್ಲ. ಆ ತಿಂಗಳುಗಳನ್ನು ಅನುಮತಿಗೆ, ಓದಿಗೆ ಬಳಸಿ. ಡಿಸೆಂಬರ್ ಹೊತ್ತಿಗೆ ಕಾಫಿ ಕೊಯ್ಲು ಜೋರಾಗಿ ತೋಟದ ಮಕ್ಕಳ ಹಾಜರಾತಿ ಏರುಪೇರಾಗುತ್ತದೆ, ಹೊಸ ಕುಟುಂಬಗಳೂ ಬಂದಿರುತ್ತವೆ. ದಸರಾ ರಜೆ ಮುಗಿದ ಕೂಡಲೇ ಮೊದಲ ಸುತ್ತು ಮುಗಿಸಿ, ಕೊಯ್ಲಿನ ಕಾಲದಲ್ಲಿ ಎರಡನೆಯದು ಮಾಡಿ. ಎರಡರ ನಡುವೆ ತರಗತಿಯ ಭಾಷೆಗಳ ಲೆಕ್ಕ ಬದಲಾಗಿದ್ದರೆ ಅದನ್ನೂ ಪ್ರಬಂಧದಲ್ಲಿ ದಾಖಲಿಸಿ.